‘ನೋವಾಗಿದ್ದರೆ ವಿಷಾದ’ದ ತೂಕ: ಕ್ಷಮೆಯಾಚನೆಯ ಮೇಲೊಂದು ವ್ಯಂಗ್ಯಚಿತ್ರ, ಮೊದಲ ಗೀಟಿನಿಂದ ಅಚ್ಚಿನವರೆಗೆ

ರಾಜಕಾರಣಿ ಕ್ಷಮೆ ಕೇಳಿದ ಮರುದಿನ ಬರುವ ವ್ಯಂಗ್ಯಚಿತ್ರಗಳಲ್ಲಿ ಹೆಚ್ಚಿನವು ಗುರಿ ತಪ್ಪುತ್ತವೆ. ಬಾಗಿದ ಬೆನ್ನು, ಮುಗಿದ ಕೈ, ಹಿಡಿದ ಕಿವಿ ಇವನ್ನೇ ಬರೆದು ನಗಿಸಲು ನೋಡುತ್ತವೆ. ಬಾಗಿದವನನ್ನು ಬಾಗಿದ್ದಕ್ಕೇ ಗೇಲಿ ಮಾಡಿದರೆ ಮುಂದಿನ ಸಲ ಯಾರೂ ಬಾಗುವುದಿಲ್ಲ. ಗೇಲಿಗೆ ಸಿಗಬೇಕಾದದ್ದು ಕ್ಷಮೆಯ ಒಳಗಿರುವ ತೂತು: ಹೇಳದೆ ಬಿಟ್ಟ ಮಾತು, ಜಾರಿಕೊಂಡ ಕ್ರಿಯಾಪದ, ಬೇರೆಯವರ ತಲೆಗೆ ಕಟ್ಟಿದ ಹೊಣೆ. ಆ ತೂತನ್ನು ಹುಡುಕಿ ಚಿತ್ರಕ್ಕೆ ಇಳಿಸುವುದು ಹೇಗೆಂದು ಒಂದೇ ಸನ್ನಿವೇಶವನ್ನು ಹಿಡಿದು ಇಲ್ಲಿ ತೋರಿಸಿದೆ.

ಸನ್ನಿವೇಶವನ್ನು ಅಭ್ಯಾಸಕ್ಕಾಗಿ ಕಟ್ಟಿಕೊಂಡಿದ್ದೇವೆ. ಶಾಸಕರು, ಕಾರ್ಖಾನೆ, ಪತ್ರಿಕೆ ಯಾವುವೂ ನಿಜವಾದವಲ್ಲ. ಕಬ್ಬಿನ ಲೆಕ್ಕ, ಅಚ್ಚಿನ ಲೆಕ್ಕ, ಕಾನೂನು ಮತ್ತು ಹೋಲಿಕೆಗೆ ಬರುವ ಘಟನೆಗಳು ನಿಜವಾದವು.

ನಡೆದದ್ದು

ಮಂಡ್ಯ ಜಿಲ್ಲೆಯ ಒಂದು ಹೋಬಳಿ ಕೇಂದ್ರದಲ್ಲಿ ರಸ್ತೆ ಕಾಮಗಾರಿಯ ಗುದ್ದಲಿ ಪೂಜೆ. ಕಬ್ಬು ಸಾಗಿಸಿ ಮೂರು ತಿಂಗಳಾದರೂ ಹಣ ಬಾರದ ರೈತರು ಶಾಸಕರ ಕಾರಿಗೆ ಅಡ್ಡ ನಿಂತು ಬಾಕಿ ಯಾವಾಗ ಎಂದು ಕೇಳುತ್ತಾರೆ. ಹಿಂದಿನ ತಿಂಗಳು ಅದೇ ಊರಲ್ಲಿ ಶಾಸಕರು ಮೈಕಿನಲ್ಲಿ, “ಹದಿನೈದು ದಿನದೊಳಗೆ ಬಾಕಿ ಕೊಡಿಸೋ ಜವಾಬ್ದಾರಿ ನಂದು” ಎಂದಿದ್ದರು. ಈ ಸಲ ಸಿಡುಕಿ, “ಯಾವಾಗ ನೋಡಿದ್ರೂ ದುಡ್ಡು ದುಡ್ಡು ಅಂತ ಸಾಯ್ತೀರಲ್ಲ” ಎನ್ನುತ್ತಾರೆ. ಇಪ್ಪತ್ತು ಸೆಕೆಂಡಿನ ವಿಡಿಯೊ ಸಂಜೆಯೊಳಗೆ ಜಿಲ್ಲೆಯ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಿಗೆ ತಲುಪುತ್ತದೆ. ಸಾಲದ ಹೊರೆಗೆ ಜೀವ ಕಳೆದುಕೊಂಡವರ ಮನೆಗಳಿರುವ ಜಿಲ್ಲೆಯಲ್ಲಿ ‘ಸಾಯ್ತೀರಲ್ಲ’ ಎಂಬುದು ಬರೀ ಬೈಗುಳವಾಗಿ ಕೇಳುವುದಿಲ್ಲ. ಮರುದಿನ ಬೆಳಿಗ್ಗೆ ಮಂಡ್ಯದ ಸಂಜಯ ವೃತ್ತದಲ್ಲಿ ರಸ್ತೆ ತಡೆ. ಹನ್ನೊಂದು ಗಂಟೆಗೆ ಶಾಸಕರ ಸುದ್ದಿಗೋಷ್ಠಿ. ಅಲ್ಲಿ ಅವರು ಓದಿದ್ದು ಐದು ವಾಕ್ಯ:

“ನನ್ನ ಮಾತಿನಿಂದ ಯಾವುದಾದರೂ ರೈತ ಬಂಧುಗಳ ಮನಸ್ಸಿಗೆ ನೋವಾಗಿದ್ದರೆ ವಿಷಾದ ವ್ಯಕ್ತಪಡಿಸುತ್ತೇನೆ. ನಾನೂ ರೈತನ ಮಗನೇ. ನನ್ನ ಹೇಳಿಕೆಯನ್ನು ತಿರುಚಲಾಗಿದೆ. ಆ ಕ್ಷಣದಲ್ಲಿ ಬಾಯ್ತಪ್ಪಿ ಬಂದ ಮಾತದು. ಈ ವಿಚಾರವನ್ನು ಇಲ್ಲಿಗೆ ಮುಗಿಸೋಣ.”

ಮೈಸೂರಿನಿಂದ ಹೊರಟು ಮಂಡ್ಯ, ಚಾಮರಾಜನಗರಕ್ಕೂ ಹೋಗುವ ಬೆಳಗಿನ ಪತ್ರಿಕೆಗೆ ಅಂದೇ ಚಿತ್ರ ಬೇಕು. ಜಿಲ್ಲಾ ಪುಟ ರಾತ್ರಿ ಒಂಬತ್ತಕ್ಕೆ ಅಚ್ಚಿಗೆ ಹೋಗುತ್ತದೆ. ವ್ಯಂಗ್ಯಚಿತ್ರಕಾರರ ಕೈಲಿರುವುದು ಹೆಚ್ಚೆಂದರೆ ಎಂಟು ಗಂಟೆ. ಅದರಲ್ಲಿ ಬರೆಯುವ ಕೆಲಸ ಎರಡೂವರೆ ಗಂಟೆಯದು. ಮಿಕ್ಕದ್ದು ಓದುವುದಕ್ಕೆ, ಯೋಚಿಸುವುದಕ್ಕೆ, ವಿಚಾರಿಸುವುದಕ್ಕೆ.

ಐದು ವಾಕ್ಯ ಬಿಡಿಸಿದಾಗ

ಮೊದಲ ಕೆಲಸ ಪೆನ್ಸಿಲ್ ಹಿಡಿಯುವುದಲ್ಲ. ಸುದ್ದಿಗೋಷ್ಠಿಯ ಧ್ವನಿಮುದ್ರಣ ತರಿಸಿಕೊಂಡು ಮಾತನ್ನು ಅಕ್ಷರಶಃ ಬರೆದಿಡಬೇಕು. ವರದಿಗಾರರ ಸುದ್ದಿಯನ್ನು ನಂಬಿ ಕೂತರೆ ಇಲ್ಲೇ ಎಡವುತ್ತೇವೆ. ‘ಶಾಸಕರಿಂದ ಕ್ಷಮೆಯಾಚನೆ’ ಎಂದು ತಲೆಬರಹ ಬಂದಿರುತ್ತದೆ. ಆ ಐದು ವಾಕ್ಯದಲ್ಲಿ ‘ಕ್ಷಮೆ’ ಎಂಬ ಪದ ಒಂದು ಸಲವೂ ಇಲ್ಲ. ಇರುವುದು ‘ವಿಷಾದ’.

ಎರಡರ ನಡುವಿನ ಅಂತರ ಎಷ್ಟೆಂದು 2019ರಲ್ಲಿ ಸುಪ್ರೀಂ ಕೋರ್ಟಿನಲ್ಲೇ ಗೊತ್ತಾಗಿತ್ತು. ರಫೇಲ್ ಯುದ್ಧವಿಮಾನ ಖರೀದಿಯ ವಿಚಾರದಲ್ಲಿ ನ್ಯಾಯಾಲಯ ಆಡದ ಮಾತನ್ನು ಅದರ ಬಾಯಿಗೆ ಹಾಕಿದ ಪ್ರಕರಣದಲ್ಲಿ ರಾಹುಲ್ ಗಾಂಧಿ ಮೊದಲು ಸಲ್ಲಿಸಿದ ಪ್ರಮಾಣಪತ್ರಗಳಲ್ಲಿದ್ದದ್ದು ವಿಷಾದ. ಅದು ಸಾಲದೆ, ಮೇ 8ರಂದು ಬೇಷರತ್ ಕ್ಷಮೆ ಕೇಳಿ ಮತ್ತೊಂದು ಪ್ರಮಾಣಪತ್ರ ಕೊಡಬೇಕಾಯಿತು. ವಿಷಾದವೆಂದರೆ ಆದದ್ದಕ್ಕೆ ಬೇಸರ. ಮಳೆ ಬಾರದಿದ್ದರೂ ವಿಷಾದಪಡಬಹುದು. ಕ್ಷಮೆಗೆ ಕೇಳುವವರೂ ಕೊಡುವವರೂ ಬೇಕು, ನಡುವೆ ಒಂದು ತಪ್ಪೂ ಬೇಕು.

ಇನ್ನು ‘ನೋವಾಗಿದ್ದರೆ’. ಕನ್ನಡದ ‘-ರೆ’ ಪ್ರತ್ಯಯ ಒಂದೇ ಅಕ್ಷರದಲ್ಲಿ ಇಡೀ ತಪ್ಪನ್ನು ಅನುಮಾನಕ್ಕೆ ತಳ್ಳಿಬಿಡುತ್ತದೆ. ರಸ್ತೆಯಲ್ಲಿ ಸಾವಿರ ಜನ ಕೂತಿರುವಾಗ ‘ಆಗಿದ್ದರೆ’ ಎನ್ನುವುದಕ್ಕೆ ಜಾಗವಿಲ್ಲ. ಜೊತೆಗೆ ‘ಯಾವುದಾದರೂ ರೈತ ಬಂಧುಗಳು’ ಎಂದಾಗ ಎದುರಿಗೆ ನಿಂತು ಬೈಸಿಕೊಂಡ ಆ ನಾಲ್ಕು ಜನ ಮಾಯವಾಗುತ್ತಾರೆ. ‘ತಿರುಚಲಾಗಿದೆ’ ಎಂಬ ಕರ್ಮಣಿ ಪ್ರಯೋಗದಲ್ಲಿ ಕರ್ತೃವೇ ಇಲ್ಲ. ತಿರುಚಿದವರು ಯಾರು? ಅಲ್ಲದೆ ಮೂರನೆಯ ವಾಕ್ಯಕ್ಕೂ ನಾಲ್ಕನೆಯದಕ್ಕೂ ತಾಳೆಯಿಲ್ಲ. ತಿರುಚಿದ್ದಾದರೆ ಬಾಯಿ ತಪ್ಪಿರಲಿಲ್ಲ, ಬಾಯಿ ತಪ್ಪಿದ್ದಾದರೆ ಯಾರೂ ತಿರುಚಿಲ್ಲ. ‘ನಾನೂ ರೈತನ ಮಗನೇ’ ಎಂಬುದು ಹಳೆ ಮೈಸೂರು ಭಾಗದ ಸುದ್ದಿಗೋಷ್ಠಿಗಳಲ್ಲಿ ಸವೆದುಹೋದ ನಾಣ್ಯ. ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಕೊನೆಯ ‘ಮುಗಿಸೋಣ’ದಲ್ಲಿ ಮುಗಿಸುವ ಹಕ್ಕನ್ನು ತಪ್ಪು ಮಾಡಿದವರೇ ಕೈಗೆ ತೆಗೆದುಕೊಂಡಿದ್ದಾರೆ.

ಇವೆಲ್ಲಕ್ಕಿಂತ ದೊಡ್ಡ ತೂತು ಪಟ್ಟಿ ಮಾಡಿದಾಗ ಮಾತ್ರ ಕಾಣುತ್ತದೆ, ಯಾಕೆಂದರೆ ಅದು ಆಡದೆ ಬಿಟ್ಟ ಮಾತು. ಬಾಕಿಯ ಬಗ್ಗೆ, ಹಿಂದಿನ ತಿಂಗಳು ಕೊಟ್ಟ ಹದಿನೈದು ದಿನದ ಗಡುವಿನ ಬಗ್ಗೆ ಒಂದು ಪದವೂ ಇಲ್ಲ.

ದೊಡ್ಡವರ ಕ್ಷಮೆಗಳಲ್ಲೂ ಚಿತ್ರಕಾರರಿಗೆ ಸಿಗುವ ಬಾಗಿಲು ಇಂಥದ್ದೇ. 2012ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಅಂದಿನ ಉಪಪ್ರಧಾನಿ ನಿಕ್ ಕ್ಲೆಗ್ ವಿದ್ಯಾರ್ಥಿ ಶುಲ್ಕದ ಏರಿಕೆಯನ್ನು ವಿರೋಧಿಸುತ್ತೇವೆಂದು ಕೊಟ್ಟು ಮುರಿದ ಭರವಸೆಯ ವಿಚಾರಕ್ಕೆ ಕ್ಷಮೆ ಕೇಳಿದರು. ಕೇಳಿದ್ದು ಭರವಸೆ ಮುರಿದದ್ದಕ್ಕಲ್ಲ, ಅಂಥ ಭರವಸೆ ಕೊಟ್ಟದ್ದಕ್ಕೆ. ಆ ಸಂದಿನೊಳಗೆ ಗೇಲಿ ನುಗ್ಗಿತು, ಅವರ ವಿಡಿಯೊವನ್ನೇ ಕತ್ತರಿಸಿ ಜೋಡಿಸಿ ಹಾಡು ಮಾಡಿದರು. 2021ರ ನವೆಂಬರ್ 19ರಂದು ಪ್ರಧಾನಿ ನರೇಂದ್ರ ಮೋದಿ ಕೃಷಿ ಕಾಯ್ದೆಗಳನ್ನು ಹಿಂಪಡೆಯುವುದಾಗಿ ಘೋಷಿಸಿ ದೇಶದ ಜನರ ಕ್ಷಮೆ ಕೇಳಿದಾಗ ಹೇಳಿದ್ದು, ತಮ್ಮ ತಪಸ್ಸಿನಲ್ಲೇ ಕೊರತೆಯಿದ್ದಿರಬೇಕು, ಕೆಲವು ರೈತರಿಗೆ ಮನವರಿಕೆ ಮಾಡಿಕೊಡಲಾಗಲಿಲ್ಲ ಎಂದು. ಕಾಯ್ದೆ ತಪ್ಪೆಂದು ಹೇಳಲಿಲ್ಲ. ಇದಕ್ಕೆ ಹೋಲಿಸಿದರೆ 2005ರ ಆಗಸ್ಟ್‌ನಲ್ಲಿ ಮನಮೋಹನ ಸಿಂಗ್ ರಾಜ್ಯಸಭೆಯಲ್ಲಿ 1984ರ ಸಿಖ್ಖರ ಹತ್ಯೆಗಳಿಗೆ ಕೇಳಿದ ಕ್ಷಮೆಯಲ್ಲಿ ‘ಆಗಿದ್ದರೆ’ ಇರಲಿಲ್ಲ. ನಾಚಿಕೆಯಿಂದ ತಲೆತಗ್ಗಿಸುತ್ತೇನೆ ಎಂದೇ ಹೇಳಿದರು. ಆ ಮಾತಿನ ಮೇಲೆ ಚಿತ್ರ ಬರೆಯುವವರು ಬಾಗಿದ ತಲೆಯನ್ನು ಬಿಟ್ಟು ಶಿಕ್ಷೆಯಾಗದ ತಪ್ಪಿತಸ್ಥರ ಕಡೆಗೆ ಗೀಟು ಎಳೆಯಬೇಕಾಗುತ್ತದೆ. ನಮ್ಮ ಮಂಡ್ಯದ ಐದು ವಾಕ್ಯದಲ್ಲಿ ಅಂಥ ಕಷ್ಟವಿಲ್ಲ.

ನಾಲ್ಕು ಕಚ್ಚಾ ಚಿತ್ರ

ಎ4 ಹಾಳೆಯನ್ನು ನಾಲ್ಕಾಗಿ ಮಡಚಿ, ಒಂದೊಂದು ಮನೆಯಲ್ಲಿ ಐದೇ ನಿಮಿಷದ ಒಂದೊಂದು ಕಚ್ಚಾ ಚಿತ್ರ. ದೊಡ್ಡ ಹಾಳೆ ಸಿಕ್ಕರೆ ಕೈ ಅಲಂಕಾರಕ್ಕೆ ಹೋಗುತ್ತದೆ. ಸಣ್ಣ ಮನೆಯಲ್ಲಿ ಯೋಚನೆ ಮಾತ್ರ ಉಳಿಯುತ್ತದೆ.

ಮೊದಲನೆಯದರಲ್ಲಿ ಶಾಸಕರು ರೈತನ ಕಾಲಿಗೆ ಬಿದ್ದಿದ್ದಾರೆ, ಒಂದು ಕೈ ರೈತನ ಜೇಬಿನಲ್ಲಿದೆ. ಬೇಗ ಅರ್ಥವಾಗುತ್ತದೆ, ಆದರೆ ಸುಳ್ಳು. ಶಾಸಕರು ಕಾಲಿಗೆ ಬಿದ್ದಿಲ್ಲ, ಜೇಬಿಗೆ ಕೈ ಹಾಕಿದ್ದಕ್ಕೂ ಆಧಾರವಿಲ್ಲ. ಕಳ್ಳತನದ ಆರೋಪವಾಗುವ ಚಿತ್ರ ಇದು. ಬಿಟ್ಟದ್ದಾಯಿತು.

ಎರಡನೆಯದರಲ್ಲಿ ಉದ್ದ ನಾಲಿಗೆ ಗಂಟು ಬಿದ್ದಿದೆ, ಕೆಳಗೆ ‘ಬಾಯ್ತಪ್ಪು’ ಎಂಬ ಮಾತು. ಎಲುಬಿಲ್ಲದ ನಾಲಿಗೆಯ ಚಿತ್ರವನ್ನು ಓದುಗರು ನೂರು ಸಲ ನೋಡಿದ್ದಾರೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಇದು ಶಾಸಕರ ವಾದವನ್ನೇ ಒಪ್ಪಿಕೊಂಡಂತೆ. ತಪ್ಪು ನಾಲಿಗೆಯದು, ಅವರದಲ್ಲ ಎಂದಾಗುತ್ತದೆ.

ಮೂರನೆಯದು ಬಿಡಲು ಮನಸ್ಸು ಬಾರದಂಥದ್ದು. ನಮ್ಮಲ್ಲಿ ಹರಕೆ ಮರೆತಾಗ, ಆಚಾರ ತಪ್ಪಿದಾಗ ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ತಪ್ಪುಕಾಣಿಕೆ ಎತ್ತಿಡುತ್ತೇವೆ. ಶಾಸಕರು ದೇವಸ್ಥಾನದ ಹುಂಡಿಗೆ ‘ವಿಷಾದ’ ಎಂದು ಬರೆದ ಚೀಟಿ ಹಾಕುತ್ತಿದ್ದಾರೆ, ರೈತ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಬಿಲ್ ಹಿಡಿದು ನಿಂತಿದ್ದಾನೆ. ತಪ್ಪು ಮಾಡಿದ್ದು ಒಬ್ಬರಿಗೆ, ಕಾಣಿಕೆ ಸಂದದ್ದು ಇನ್ನೊಬ್ಬರಿಗೆ. ಯೋಚನೆ ಗಟ್ಟಿಯಾಗಿದೆ. ಆದರೆ ಹುಂಡಿ ಬಂದಲ್ಲಿ ದೇವಸ್ಥಾನ ಬರುತ್ತದೆ, ಗೋಪುರದ ಆಕಾರ ನೋಡಿ ಇದು ಯಾವ ದೇವರೆಂದು ಜನ ಹುಡುಕುತ್ತಾರೆ. ಮರುದಿನದ ಚರ್ಚೆ ಬಾಕಿಯ ಮೇಲೆ ನಡೆಯುವುದಿಲ್ಲ, ಭಕ್ತರ ಭಾವನೆಯ ಮೇಲೆ ನಡೆಯುತ್ತದೆ. ಶಾಸಕರಿಗೆ ಅದಕ್ಕಿಂತ ಒಳ್ಳೆಯ ಪಾರುದಾರಿಯಿಲ್ಲ. ಈ ಚಿತ್ರವನ್ನು ಕೈಬಿಡುವುದೇ ಸರಿ. ಭಯಕ್ಕೆ ಬಿಡುವ ಮಾತಲ್ಲ, ಗುರಿಯ ಮೇಲೆ ಕಣ್ಣಿರಲಿ ಎಂಬ ಕಾರಣಕ್ಕೆ.

ನಾಲ್ಕನೆಯದು ಕಾರ್ಖಾನೆಯ ವೇಬ್ರಿಡ್ಜ್. ವಿಶ್ವೇಶ್ವರಯ್ಯ ನಾಲೆಗೆ ನೀರು ಹರಿದು, 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಶುರುವಾದಾಗಿನಿಂದ ಮಂಡ್ಯದ ಬದುಕು ಕಬ್ಬಿನ ಸುತ್ತ ಹೆಣೆದುಕೊಂಡಿದೆ. ತೂಕದ ಮನೆಯ ಮುಂದಿನ ಸಾಲು, ತೂಕದ ಚೀಟಿ, ತೂಕದಲ್ಲಿ ಮೋಸವೆಂಬ ಕೂಗು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕನ್ನಡದಲ್ಲಿ ಮಾತಿಗೂ ತೂಕವಿದೆ. ಲಾರಿ, ಟ್ರ್ಯಾಕ್ಟರ್ ತೂಗುವ ಆ ದೊಡ್ಡ ತಟ್ಟೆಯ ನಟ್ಟನಡುವೆ ‘ವಿಷಾದ’ ಎಂದು ಬರೆದ ಒಂದೇ ಹಾಳೆ. ಮೇಲಿನ ಫಲಕದಲ್ಲಿ 00000. ಇದೇ ಚಿತ್ರ.

ಚಿತ್ರದ ಒಳಗಿನ ತರ್ಕ

ವ್ಯಂಗ್ಯಚಿತ್ರ ಕಲ್ಪನೆಯಾದರೂ ಅದರೊಳಗಿನ ಲೋಕಕ್ಕೆ ತರ್ಕ ಬೇಕು. ಕಚ್ಚಾ ಚಿತ್ರದಲ್ಲಿ ಶಾಸಕರು ಕೈಮುಗಿದು ತಟ್ಟೆಯ ಮೇಲೆಯೇ ನಿಂತಿದ್ದರು. ಅಲ್ಲಿ ನಿಂತರೆ ಅವರ ಮೈತೂಕ ತೋರಿಸಬೇಕಲ್ಲ, ಸೊನ್ನೆ ಹೇಗೆ ಬಂತು ಎಂದು ತೂಕದ ಮನೆ ಬಲ್ಲ ಓದುಗ ಥಟ್ಟನೆ ಕೇಳುತ್ತಾನೆ. ಆದ್ದರಿಂದ ಶಾಸಕರು ತಟ್ಟೆಯ ಅಂಚಿನಾಚೆ ನಿಂತು, ಹಾಳೆಯನ್ನು ಮಾತ್ರ ಕೈ ಚಾಚಿ ಇಡಬೇಕು. ಇದರಿಂದ ಇನ್ನೊಂದು ಲಾಭವೂ ಆಯಿತು: ತಾವು ತೂಕಕ್ಕೆ ನಿಲ್ಲದೆ ಕಾಗದವನ್ನು ನಿಲ್ಲಿಸುವವರ ಭಂಗಿ ತಾನಾಗಿ ಸಿಕ್ಕಿತು. ಇನ್ನು ಸೊನ್ನೆ ಬರೀ ಉತ್ಪ್ರೇಕ್ಷೆಯಲ್ಲ. 50–60 ಟನ್ನಿನ ಇಲೆಕ್ಟ್ರಾನಿಕ್ ವೇಬ್ರಿಡ್ಜ್ ಸಾಮಾನ್ಯವಾಗಿ 5 ಅಥವಾ 10 ಕೆಜಿಯ ಹೆಜ್ಜೆಯಲ್ಲಿ ತೂಗುತ್ತದೆ, ಕಾಗದ ಇಟ್ಟರೆ ನಿಜಕ್ಕೂ ಸೊನ್ನೆಯನ್ನೇ ತೋರಿಸುತ್ತದೆ. ಸೊನ್ನೆ ಕನ್ನಡ ಅಂಕಿಯಲ್ಲೂ ದುಂಡಗೇ ಇರುವುದರಿಂದ ಯಾವ ಅಂಕಿ ಬಳಸಬೇಕೆಂಬ ಗೊಂದಲವೂ ಇಲ್ಲ.

ಹಿನ್ನೆಲೆಯಲ್ಲಿ ಕಬ್ಬು ತುಂಬಿದ ಎರಡು ಟ್ರ್ಯಾಕ್ಟರ್ ಟ್ರೇಲರ್ ಸಾಕು. ಮೂರನೆಯದು ಅಚ್ಚಿನಲ್ಲಿ ಕಪ್ಪು ಮುದ್ದೆಯಾಗುತ್ತದೆ. ಕಬ್ಬಿನ ಸೋಗೆ ಬಾಡಿ ಜೋತು ಬಿದ್ದಿರಬೇಕು. ಕಡಿದ ಕಬ್ಬು ಬಿಸಿಲಿಗೆ ನಿಂತರೆ ದಿನದಿನಕ್ಕೂ ತೂಕವೂ ಸಕ್ಕರೆಯೂ ಇಳಿಯುತ್ತವೆ. ಶಾಸಕರ ಹಾಳೆ ತಟ್ಟೆ ಹಿಡಿದು ಕೂತಷ್ಟು ಹೊತ್ತು ಹಿಂದಿನವರ ಕಬ್ಬು ಒಣಗುತ್ತಿದೆ ಎಂಬುದು ಬರಹವಿಲ್ಲದೆಯೇ ಓದುಗನಿಗೆ ಹೊಳೆಯುತ್ತದೆ.

ರೈತನ ಕೈಯಲ್ಲೊಂದು ಬಿಲ್. ಅದರ ಮೇಲೆ ಬರೆಯುವ ಮೊತ್ತ ಬಾಯಿಗೆ ಬಂದದ್ದಾಗಬಾರದು. 2025–26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ಬೆಲೆ, ಶೇ 10.25ರ ಸಕ್ಕರೆ ಇಳುವರಿಗೆ, ಕ್ವಿಂಟಲ್‌ಗೆ 355 ರೂ. ಅಂದರೆ ಟನ್ನಿಗೆ 3,550. ಎಕರೆಗೆ 40 ಟನ್ ಎಂದು ಹಿಡಿದರೆ, ಕಟಾವು ಮತ್ತು ಸಾಗಣೆ ವೆಚ್ಚ ಕಳೆಯುವ ಮುನ್ನ, 1,42,000 ರೂ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ತಲುಪಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಈ ಮೊತ್ತಕ್ಕೆ ಬಡ್ಡಿ ದಿನಕ್ಕೆ ಸುಮಾರು 58 ರೂ. ಇದೆಲ್ಲ ಚಿತ್ರದಲ್ಲಿ ಕಾಣುವುದಿಲ್ಲ. ಬಿಲ್ಲಿನ ಮೇಲೆ ‘ಬಾಕಿ 1,42,000’ ಎಂದಷ್ಟೇ ಬರುತ್ತದೆ. ಆದರೆ ಆ ಅಂಕಿ ತಪ್ಪಿದರೆ ಮಂಡ್ಯದ ಓದುಗ ಚಿತ್ರವನ್ನೇ ನಂಬುವುದಿಲ್ಲ.

ಶಾಸಕರಿಗೆ ಬಿಳಿ ಅಂಗಿ, ಬಿಳಿ ಪಂಚೆ, ಕೈಯಲ್ಲಿ ಮೊಬೈಲ್. ಪಕ್ಷದ ಶಾಲು ಬೇಡ. ಸಿಡುಕಿದ್ದು ಒಬ್ಬರು, ವಿಷಾದ ಓದಿದ್ದೂ ಅವರೇ. ಶಾಲು ಹೊದಿಸಿದ ಕೂಡಲೇ ಅರ್ಧ ಓದುಗರು ಪಕ್ಷ ಕಾಯಲು ನಿಲ್ಲುತ್ತಾರೆ. ಮೈಬಣ್ಣ, ಅಂಗವಿಕಲತೆ, ಜಾತಿಯ ಗುರುತು, ಮನೆಯ ಹೆಂಗಸರು ಚಿತ್ರದೊಳಗೆ ಬರಕೂಡದು. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ರೈತ ಮಾತಾಡಬೇಕೇ? ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿ, ಹಾಸ್ಯಪತ್ರಿಕೆ ‘ಕೊರವಂಜಿ’ಗೆ ಚಿತ್ರ ಬರೆದಿದ್ದ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ, ಚೌಕಳಿ ಕೋಟಿನ ಆ ಮುದುಕ, ದಶಕಗಳ ಕಾಲ ಒಂದು ಮಾತೂ ಆಡದೆ ನಿಂತ. ಅಲ್ಲಿ ಮಾತು ಅಧಿಕಾರಸ್ಥರದು, ಸಾಕ್ಷಿ ಅವನದು. ಆ ಮಾದರಿ ಇಲ್ಲಿಗೆ ಹೊಂದುವುದಿಲ್ಲ. ಶಾಸಕರ ಮಾತು ಈಗಾಗಲೇ ಹಾಳೆಯ ಮೇಲಿದೆ. ಬೈಸಿಕೊಂಡವನಿಗೆ ಉತ್ತರಿಸುವ ಹಕ್ಕು ಕೊಡುವುದೇ ಈ ಚಿತ್ರದ ಕೆಲಸ.

ಅಡಿಬರಹದ ಜಗ್ಗಾಟ

ಮೊದಲ ಅಡಿಬರಹ: “ನಿಮ್ಮ ವಿಷಾದದಲ್ಲಿ ತೂಕವಿಲ್ಲ, ಮಾನ್ಯ ಶಾಸಕರೇ.” ಚಿತ್ರ ಹೇಳಿದ್ದನ್ನೇ ಮತ್ತೆ ಹೇಳುತ್ತದೆ, ಯಾವ ರೈತನೂ ಹೀಗೆ ಮಾತಾಡುವುದಿಲ್ಲ.

ಎರಡನೆಯದು: “ಬರೀ ಇಷ್ಟೇ ಮಡಗುದ್ರೆ ತೂಕ ಬರಾಕಿಲ್ಲ ಸ್ವಾಮಿ. ಬಾಕಿನೂ ಮಡಗಿ.” ಇಲ್ಲಿ ಜೀವ ಬಂತು. ‘ಇಡು’ ಎನ್ನುವಲ್ಲಿ ‘ಮಡಗು’ ಎಂದ ಕೂಡಲೇ ಮಾತು ಮಂಡ್ಯದ ಮಣ್ಣಿಗೆ ಬಂದು ನಿಲ್ಲುತ್ತದೆ. ಆಡುಮಾತನ್ನು ಬಳಸುವಾಗ ಎಚ್ಚರ ಬೇಕು. ರೈತ ಪೆದ್ದನೆಂದು ತೋರಿಸಲು ಆಡುಮಾತು ಹಾಕುವ ಕೆಟ್ಟ ಚಾಳಿ ನಮ್ಮ ಸಿನಿಮಾ, ನಾಟಕ, ವ್ಯಂಗ್ಯಚಿತ್ರಗಳಲ್ಲಿದೆ. ಇಲ್ಲಿ ಆಡುಮಾತಿನವನೇ ಜಾಣ. ‘ಸ್ವಾಮಿ’, ‘ಮಡಗಿ’ ಎಂಬ ಬಹುವಚನವನ್ನು ತೆಗೆದು ಏಕವಚನಕ್ಕೆ ಇಳಿಸಿದರೆ ಪೆಟ್ಟು ಹೆಚ್ಚಾಗುತ್ತದೆಂದು ಅನಿಸಬಹುದು. ಆಗುವುದು ತಿರುಗುಮುರುಗು: ಬೈದವರು ಶಾಸಕರು, ಮರ್ಯಾದೆ ಬಿಡದವನು ರೈತ ಎಂಬ ಅಂತರವೇ ಅಳಿಸಿಹೋಗುತ್ತದೆ.

ಆದರೆ ಈ ಅಡಿಬರಹದಲ್ಲಿ ವಾಸ್ತವದ ತಪ್ಪೊಂದು ಅಡಗಿದೆ. ಬಾಕಿ ಕೊಡಬೇಕಾದ್ದು ಕಾರ್ಖಾನೆ, ಶಾಸಕರಲ್ಲ. ‘ಬಾಕಿನೂ ಮಡಗಿ’ ಎಂದರೆ ಸಾಲಗಾರರು ಅವರೇ ಎಂದಾಗುತ್ತದೆ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ಅನ್ಯಾಯವಾಗುತ್ತದೆ, ಶಾಸಕರ ಕಡೆಯವರು ಹಿಡಿಯುವುದೂ ಇದನ್ನೇ. ಶಾಸಕರು ತಾವೇ ಹೊತ್ತುಕೊಂಡದ್ದು ಬೇರೆ: ಬಾಕಿ ಕೊಡಿಸುವ ಜವಾಬ್ದಾರಿ. ಹಾಗಾದರೆ ತಟ್ಟೆಗೆ ಬರಬೇಕಾದ್ದು ಅದು.

“ಬರೀ ಇಷ್ಟೇ ಮಡಗುದ್ರೆ ತೂಕ ಬರಾಕಿಲ್ಲ ಸ್ವಾಮಿ. ಕೊಟ್ಟಿದ್ ಮಾತ್ನೂ ಮಡಗಿ.”

ಒಂಬತ್ತು ಪದ. ನಿಜದ ಕಡೆಗೆ ತಿದ್ದಿದ್ದರಿಂದ ಮಾತು ಮೊನಚಾಯಿತೇ ಹೊರತು ಮೊಂಡಾಗಲಿಲ್ಲ, ಯಾಕೆಂದರೆ ಆ ಸುದ್ದಿಗೋಷ್ಠಿಯಲ್ಲಿ ಕಾಣೆಯಾದದ್ದೂ ಕೊಟ್ಟ ಮಾತೇ.

ಹಾಳೆಯ ಮೇಲಿನ ಪದವೂ ‘ವಿಷಾದ’ವೇ ಆಗಿರಬೇಕು. ‘ಕ್ಷಮೆ’ ಎಂದು ಬರೆದರೆ ಅವರು ಕೇಳದ್ದನ್ನು ಕೇಳಿಸಿದಂತೆ. ಅಚ್ಚಿನ ದೃಷ್ಟಿಯಿಂದಲೂ ಇದೇ ಅನುಕೂಲ. ‘ಕ್ಷ’ದ ಕೆಳಗಿನ ಸುರುಳಿ ಸಣ್ಣ ಗಾತ್ರದಲ್ಲಿ ಇಂಕು ತುಂಬಿ ಮುಚ್ಚಿಹೋಗುತ್ತದೆ. ‘ವಿಷಾದ’ದಲ್ಲಿ ಒತ್ತಕ್ಷರವಿಲ್ಲ.

ಹಾಳೆಯಿಂದ ಅಚ್ಚಿಗೆ

ಪತ್ರಿಕೆಯಲ್ಲಿ ಚಿತ್ರಕ್ಕೆ ಸಿಕ್ಕ ಜಾಗ 15 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ. ಒಂದೂವರೆ ಪಟ್ಟು ದೊಡ್ಡದಾಗಿ, 22.5 x 18 ಸೆಂ.ಮೀ.ಗೆ ಬರೆಯುವುದು ಅನುಕೂಲ. ಎರಡು ಪಟ್ಟಿಗಿಂತ ದೊಡ್ಡದಾದರೆ ಕೈ ವಿವರಗಳ ಹಿಂದೆ ಹೋಗುತ್ತದೆ, ಇಳಿಸಿದಾಗ ಅವೆಲ್ಲ ಕಸವಾಗುತ್ತವೆ. 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ) ಆಸುಪಾಸಿನ ನುಣುಪು ಕಾರ್ಟ್ರಿಡ್ಜ್ ಹಾಳೆ, ಎಚ್‌ಬಿ ಪೆನ್ಸಿಲ್, ನೀರಿಗೆ ಕರಗದ ಇಂಡಿಯನ್ ಇಂಕ್, ಆಕೃತಿಗಳ ಹೊರಗೀಟಿಗೆ 2 ಅಥವಾ 3ನೇ ನಂಬರಿನ ದುಂಡು ಕುಂಚ, ಫಲಕ ಮತ್ತು ಟ್ರೇಲರ್‌ಗೆ ನಿಬ್ಬು. ಹಿನ್ನೆಲೆಯ ಗೀಟು ಮುಂದಿನ ಆಕೃತಿಯ ಗೀಟಿಗಿಂತ ತೆಳ್ಳಗಿರಬೇಕು. ಆದರೆ ಮೂಲದಲ್ಲಿ 0.3 ಮಿ.ಮೀ.ಗಿಂತ ತೆಳ್ಳಗಾದರೆ ಇಳಿಸಿದ ಮೇಲೆ ಮುರಿದು ಕಾಣುತ್ತದೆ.

ತಟ್ಟೆಯ ಮೇಲಿನ ಖಾಲಿ ಜಾಗವನ್ನು ತುಂಬಬಾರದು. ಈ ಚಿತ್ರದ ನಗು ಇರುವುದೇ ಆ ಖಾಲಿತನದಲ್ಲಿ. ಚೌಕಟ್ಟಿನ ಅಗಲದ ಹೆಚ್ಚುಕಡಿಮೆ ಅರ್ಧ ತಟ್ಟೆ, ಅದರ ನಡುವೆ ಬೆರಳುಗುರಿನಷ್ಟು ಹಾಳೆ. ನೆರಳಿಗೆಂದು ಗೀಟು ಎಳೆಯಲು ಶುರು ಮಾಡಿದರೆ ಕೈ ತಡೆಯುವುದಿಲ್ಲ, ಹಾಗಾಗಿ ತಟ್ಟೆಯ ಅಂಚನ್ನು ಮೊದಲೇ ಇಂಕಿನಲ್ಲಿ ಮುಗಿಸಿ ಒಳಗೆ ಏನೂ ಬೇಡವೆಂದು ಪೆನ್ಸಿಲ್‌ನಲ್ಲಿ ಅಡ್ಡಗೀಟು ಹಾಕಿಟ್ಟುಕೊಳ್ಳುವುದು ಒಳ್ಳೆಯ ಉಪಾಯ.

ಇಂಕು ಒಣಗಿದ ಮೇಲೆ ಪೆನ್ಸಿಲ್ ಅಳಿಸಿ, ಅಚ್ಚಿನ ಅಳತೆಗೆ ಇಳಿಸಿದಾಗಲೂ 600 ಡಿಪಿಐ (ಇಂಚಿಗೆ 600 ಚುಕ್ಕಿ) ಉಳಿಯುವಂತೆ ಕಪ್ಪು–ಬಿಳುಪಿನ ಲೈನ್ ಆರ್ಟ್ ಆಗಿ ಸ್ಕ್ಯಾನ್ ಮಾಡಬೇಕು. ಬೂದು ಛಾಯೆಯಲ್ಲಿ ಕೊಟ್ಟರೆ ಗೀಟಿನ ಅಂಚು ಚುಕ್ಕಿಚುಕ್ಕಿಯಾಗುತ್ತದೆ. 45 ಜಿಎಸ್‌ಎಂ ಆಸುಪಾಸಿನ ನ್ಯೂಸ್‌ಪ್ರಿಂಟ್ ಇಂಕನ್ನು ಹೀರಿ ಹರಡಿಸುತ್ತದೆ, ಚುಕ್ಕಿಗಳು ಉಬ್ಬುತ್ತವೆ. ಬಾಡಿದ ಸೋಗೆಗೆ ಛಾಯೆ ಬೇಕೇ ಬೇಕೆಂದರೆ ಶೇ 20ರ ಒಂದೇ ಛಾಯೆ ಸಾಕು, ಅಚ್ಚಿನಲ್ಲಿ ಅದು ಇನ್ನಷ್ಟು ಗಾಢವಾಗಿಯೇ ಬರುತ್ತದೆ.

ಅಡಿಬರಹವನ್ನು ಕೈಯಲ್ಲೇ ಬರೆದರೆ ಚೆನ್ನ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಎರಡು ಸಾಲಿನ ನಡುವಿನ ಅಂತರ ಅಕ್ಷರದ ಎತ್ತರದ ಒಂದೂವರೆ ಪಟ್ಟಾದರೂ ಇರಲಿ. ಇಲ್ಲದಿದ್ದರೆ ‘ಇಷ್ಟೇ’ಯ ‘ಟ’ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಟೈಪ್ ಮಾಡುವುದಾದರೆ ಅಚ್ಚಿನ ಅಳತೆಯಲ್ಲಿ 11 ಪಾಯಿಂಟ್‌ಗೆ ಕಡಿಮೆ ಬೇಡ. ‘ನುಡಿ’ ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಪರಿವರ್ತಿಸದೆ ಯೂನಿಕೋಡ್ ಪುಟಕ್ಕೆ ಹಾಕಿದರೆ ಕಸದ ಅಕ್ಷರ ಬರುತ್ತದೆ. ಇನ್‌ಡಿಸೈನ್, ಫೋಟೊಶಾಪ್‌ಗಳಲ್ಲಿ ಭಾರತೀಯ ಲಿಪಿಗೆ ಬೇಕಾದ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ‘ಕೊಟ್ಟಿದ್’ ಓದಲಾಗದಂತೆ ಒಡೆಯುತ್ತದೆ. ಕಳಿಸುವ ಮುನ್ನ ಅಕ್ಷರಗಳನ್ನು ಔಟ್‌ಲೈನ್‌ಗೆ ಬದಲಿಸಿ, ಪಿಡಿಎಫ್ ತೆಗೆದು, ಒಂದೊಂದು ಒತ್ತನ್ನೂ ಕಣ್ಣಿಟ್ಟು ನೋಡಬೇಕು.

ಮೊಬೈಲಿಗೆ ಬೇರೆಯದೇ ಪ್ರತಿ: 1080 x 1350 ಪಿಕ್ಸೆಲ್, ನಿಲುವು ಚೌಕಟ್ಟು. ಅಡಿಬರಹ ಚೌಕಟ್ಟಿನ ಹೊರಗಿದ್ದರೆ ಮೊದಲ ಫಾರ್ವರ್ಡ್‌ನಲ್ಲೇ ಯಾರೋ ಕತ್ತರಿಸುತ್ತಾರೆ. ಕತ್ತರಿಸಿದ ಚಿತ್ರದಲ್ಲಿ ಉಳಿಯುವುದು ಬಿಲ್ ಹಿಡಿದು ನಿಂತ ರೈತ, ಕಾಗದ ಇಡುತ್ತಿರುವ ಶಾಸಕ. ದುಡ್ಡಿಗಾಗಿ ಕಾಡುವ ರೈತನ ಚಿತ್ರವೆಂದು ಅದನ್ನು ತಿರುಗಿಸಿ ಹಂಚುವುದು ಸುಲಭ, ಶಾಸಕರ ಬೈಗುಳವನ್ನೇ ನಾವು ಚಿತ್ರ ಮಾಡಿಕೊಟ್ಟಂತಾಗುತ್ತದೆ. ಆದ್ದರಿಂದ ಮಾತು ಇಬ್ಬರ ತಲೆಗಳ ನಡುವಿನ ಜಾಗದಲ್ಲಿ, ಫಲಕದ ಕೆಳಗೆ. ಸಹಿ ಮತ್ತು ದಿನಾಂಕ ತಟ್ಟೆಯ ಅಂಚಿನೊಳಗೆ. ದಿನಾಂಕವಿಲ್ಲದ ಚಿತ್ರ ವರ್ಷದ ನಂತರ ಬೇರೊಬ್ಬರ ಮೇಲೆ ಎದ್ದು ಕೂರುತ್ತದೆ.

ಕೊನೆಗೆ ಐದು ಸೆಕೆಂಡಿನ ಪರೀಕ್ಷೆ. ಬೆಳಗಿನಿಂದ ಈ ಸುದ್ದಿಯ ಹಿಂದೆ ಬೀಳದ ಮೂವರಿಗೆ, ಪುಟ ವಿನ್ಯಾಸದವರಿಗೋ ಕಚೇರಿಯ ಕೆಳಗಿನ ಟೀ ಅಂಗಡಿಯವರಿಗೋ, ಐದು ಸೆಕೆಂಡ್ ತೋರಿಸಿ ಮುಚ್ಚಿ, ಏನಾಯಿತೆಂದು ಕೇಳುವುದು. ‘ಕಾಗದಕ್ಕೆ ತೂಕವಿಲ್ಲ’ ಎಂದರೆ ಸರಿ. ‘ತೂಕದ ಮಿಷನ್ ಕೆಟ್ಟಿದೆ’ ಎಂದರೆ ಫಲಕವನ್ನು ಮತ್ತೆ ಬರೆಯಬೇಕು. ಹಿಂದಿನ ಟ್ರ್ಯಾಕ್ಟರ್ ತಟ್ಟೆಯ ತೀರಾ ಹತ್ತಿರ ಬಂದಾಗ ಈ ತಪ್ಪು ಅರ್ಥ ಹುಟ್ಟುತ್ತದೆ. ಟ್ರ್ಯಾಕ್ಟರನ್ನು ಒಂದು ಬೆರಳು ಹಿಂದೆ ಸರಿಸಿದರೆ ಹೋಗುತ್ತದೆ.

ರಾತ್ರಿ ಎಂಟಕ್ಕೆ ಜಿಲ್ಲಾ ವರದಿಗಾರರಿಗೆ ಕೊನೆಯ ಫೋನ್: ಬಾಕಿ ಬಿಡುಗಡೆಯಾಯಿತೇ? ಶಾಸಕರು ಸಂಜೆ ಮತ್ತೇನಾದರೂ ಹೇಳಿದರೇ? ಹಣ ಬಂದಿದ್ದರೆ, ಅಥವಾ ಅವರು ಆ ರೈತರ ಮನೆಗೇ ಹೋಗಿ ‘ತಪ್ಪು ನನ್ನದು’ ಎಂದಿದ್ದರೆ, ಈ ಚಿತ್ರ ಅಚ್ಚಾಗಬಾರದು. ಎಂಟು ಗಂಟೆಯ ಕೆಲಸ ಹಾಳಾಯಿತೆಂಬ ಸಂಕಟಕ್ಕೆ ಅಲ್ಲಿ ಬೆಲೆಯಿಲ್ಲ.

ಕಾನೂನು, ಮತ್ತು ನಾವು ಕೇಳುವ ಕ್ಷಮೆ

2024ರ ಜುಲೈ 1ರಿಂದ ಮಾನನಷ್ಟದ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಅಡಿಯಲ್ಲಿದೆ. ಸಾರ್ವಜನಿಕ ಕೆಲಸದಲ್ಲಿರುವವರ ಸಾರ್ವಜನಿಕ ನಡವಳಿಕೆಯ ಬಗ್ಗೆ ಸದ್ಭಾವನೆಯ ಅಭಿಪ್ರಾಯಕ್ಕೆ ಅದರಲ್ಲೇ ವಿನಾಯಿತಿಗಳಿವೆ. ಸದ್ಭಾವನೆ ಎಂಬುದನ್ನು ಕಾಗದದಲ್ಲಿ ತೋರಿಸಬೇಕಾಗುತ್ತದೆ. ಅದಕ್ಕೇ ಮೂಲ ವಿಡಿಯೊ, ಹಿಂದಿನ ತಿಂಗಳ ಭಾಷಣದ ತುಣುಕು, ಸುದ್ದಿಗೋಷ್ಠಿಯ ಬರಹರೂಪ, ನಾಲ್ಕೂ ಕಚ್ಚಾ ಚಿತ್ರ, ಬಾಕಿಯ ಲೆಕ್ಕ ಎಲ್ಲವೂ ದಿನಾಂಕದೊಂದಿಗೆ ಒಂದೇ ಕಡತದಲ್ಲಿರಲಿ. ‘ಬಾಕಿನೂ ಮಡಗಿ’ಯನ್ನು ಯಾಕೆ ಬಿಟ್ಟೆವೆಂದು ಬರೆದಿಟ್ಟ ಒಂದು ಸಾಲು ಆ ಕಡತದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು.

ಮಾನನಷ್ಟವಲ್ಲದೆ ಹಕ್ಕುಚ್ಯುತಿಯ ಲೆಕ್ಕವೂ ಇದೆ. ಸಂವಿಧಾನದ 194ನೇ ವಿಧಿ ಕೊಡುವ ವಿಶೇಷ ಹಕ್ಕುಗಳನ್ನು ಮುಂದಿಟ್ಟು ಶಾಸನಸಭೆಗಳು ಪತ್ರಕರ್ತರಿಗೆ ಶಿಕ್ಷೆ ವಿಧಿಸಿದ್ದುಂಟು. 2017ರ ಜೂನ್‌ನಲ್ಲಿ ನಮ್ಮ ವಿಧಾನಸಭೆಯೇ ಇಬ್ಬರು ಕನ್ನಡ ಸಂಪಾದಕರಿಗೆ ಹಕ್ಕುಚ್ಯುತಿಗಾಗಿ ಒಂದು ವರ್ಷದ ಜೈಲು ಶಿಕ್ಷೆ ವಿಧಿಸಿತ್ತು. 1987ರಲ್ಲಿ ತಮಿಳುನಾಡು ವಿಧಾನಸಭೆ, ಶಾಸಕರು ಮತ್ತು ಮಂತ್ರಿಗಳನ್ನು ಗೇಲಿ ಮಾಡಿದ ಮುಖಪುಟದ ಒಂದು ನಗೆಚಿತ್ರಕ್ಕಾಗಿ ತಮಿಳು ವಾರಪತ್ರಿಕೆ ‘ಆನಂದ ವಿಕಟನ್’ ಸಂಪಾದಕ ಎಸ್. ಬಾಲಸುಬ್ರಮಣಿಯನ್ ಅವರಿಂದ ಕ್ಷಮೆ ಕೇಳಿಸಲು ನೋಡಿತು. ಅವರು ಒಪ್ಪಲಿಲ್ಲ. ಮೂರು ತಿಂಗಳ ಶಿಕ್ಷೆಯಾಯಿತು, ದೇಶದೆಲ್ಲೆಡೆ ಪ್ರತಿಭಟನೆ ಎದ್ದು ಕೆಲವೇ ದಿನಗಳಲ್ಲಿ ಬಿಡುಗಡೆಯೂ ಆಯಿತು.

ಚಿತ್ರಕ್ಕೆ ನೋಟಿಸ್ ಬಂದರೆ ಮೊದಲು ಬೇರ್ಪಡಿಸಬೇಕಾದ್ದು ಎರಡು ವಿಚಾರ: ಚಿತ್ರದಲ್ಲಿ ವಾಸ್ತವದ ತಪ್ಪಿದೆಯೇ, ಇಲ್ಲ ಚಿತ್ರ ಚುಚ್ಚಿದೆಯೇ? ಚುಚ್ಚಿದ್ದಕ್ಕೆ ಕ್ಷಮೆ ಕೇಳಬೇಕಿಲ್ಲ, ಅದು ಅದರ ಕೆಲಸ. ವಾಸ್ತವ ತಪ್ಪಿದ್ದರೆ, ಹದಿನೈದು ದಿನವೆಂದದ್ದನ್ನು ಹತ್ತು ದಿನವೆಂದು ಬರೆದಿದ್ದರೆ, ಮರುದಿನವೇ, ಅದೇ ಪುಟದಲ್ಲಿ, ಅಷ್ಟೇ ಕಣ್ಣಿಗೆ ಬೀಳುವಂತೆ ತಿದ್ದುಪಡಿ ಬರಬೇಕು. ತಿದ್ದುಪಡಿಯ ವಾಕ್ಯವನ್ನು ಶಾಸಕರ ಐದು ವಾಕ್ಯಕ್ಕೆ ಒಡ್ಡಿದ ಅದೇ ಪರೀಕ್ಷೆಗೆ ಒಡ್ಡಬೇಕು. ‘ಓದುಗರಿಗೆ ನೋವಾಗಿದ್ದರೆ ವಿಷಾದಿಸುತ್ತೇವೆ’ ಎಂದು ಬರೆಯುವ ಪತ್ರಿಕೆಗೆ ಈ ವೇಬ್ರಿಡ್ಜ್ ಚಿತ್ರ ಹಾಕುವ ಯೋಗ್ಯತೆಯಿಲ್ಲ. ಹೀಗೆ ಬರೆಯಬಹುದು: “ನಿನ್ನೆಯ ವ್ಯಂಗ್ಯಚಿತ್ರದಲ್ಲಿ ಶಾಸಕರು ಹತ್ತು ದಿನದ ಗಡುವು ಕೊಟ್ಟಿದ್ದರೆಂದು ಬರೆದದ್ದು ನಮ್ಮ ತಪ್ಪು. ಅವರು ಹೇಳಿದ್ದು ಹದಿನೈದು ದಿನ. ಶಾಸಕರಲ್ಲೂ ಓದುಗರಲ್ಲೂ ಕ್ಷಮೆ ಕೇಳುತ್ತೇವೆ. ಜಾಲತಾಣದ ಪ್ರತಿಯನ್ನು ತಿದ್ದಿದ್ದೇವೆ.” ಏನು ತಪ್ಪಾಯಿತು, ಮಾಡಿದವರು ಯಾರು, ಯಾರಿಗೆ, ಈಗ ಏನು ಮಾಡಿದ್ದೇವೆ ನಾಲ್ಕೂ ಬಂತು. ‘-ರೆ’ ಎಲ್ಲೂ ಇಲ್ಲ.

ಮುಂದಿನ ಚಿತ್ರ

ಅಚ್ಚಾದ ಮೇಲೆ ಕಡತ ಮುಚ್ಚುವುದಿಲ್ಲ. ಮೂಲ ಚಿತ್ರದ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಮೂರು ದಿನಾಂಕ ಬರೆದಿಡಬೇಕು: ಕಬ್ಬು ತಲುಪಿದ ದಿನ, ಶಾಸಕರ ಹದಿನೈದು ದಿನ ಮುಗಿದ ದಿನ, ಇವತ್ತಿನ ದಿನ. ಹದಿನೈದು ದಿನಕ್ಕೊಮ್ಮೆ ಜಿಲ್ಲಾ ವರದಿಗಾರರಿಗೆ ಫೋನ್. ಬಾಕಿ ಬಾರದಿದ್ದರೆ ಅದೇ ತಟ್ಟೆ, ಅದೇ ಹಾಳೆ, ಅದೇ ಸೊನ್ನೆ, ಟ್ರೇಲರಿನ ಸೋಗೆ ಪೂರ್ತಿ ಒಣಗಿ ಉದುರಿರಬೇಕು. ಅಡಿಬರಹ ಬೇಕಿಲ್ಲ. ಬಾಕಿ ಬಂದರೆ ಆ ಚಿತ್ರವನ್ನೂ ಅಷ್ಟೇ ಅಗಲದಲ್ಲಿ, ಅದೇ ಜಾಗದಲ್ಲಿ ಹಾಕಬೇಕು: ತಟ್ಟೆಯ ಮೇಲೆ ಹಾಳೆ, ಹಾಳೆಯ ಮೇಲೆ ರೈತನ ಪಾಸ್‌ಬುಕ್, ಫಲಕದಲ್ಲಿ ಮೊದಲ ಬಾರಿಗೆ ಸೊನ್ನೆಯಲ್ಲದ ಅಂಕಿ, ಹಿಂದಿನ ಟ್ರ್ಯಾಕ್ಟರ್ ಚಾಲಕ ಗೇರು ಹಾಕುತ್ತಿರುವುದು. ಎರಡಕ್ಕೂ ಬೇಕಾದ ತಟ್ಟೆ ಮತ್ತು ಫಲಕದ ಗೀಟುಗಳನ್ನು ಮೊದಲ ದಿನವೇ ಬೇರೆ ಹಾಳೆಗೆ ಟ್ರೇಸ್ ಮಾಡಿಟ್ಟುಕೊಂಡರೆ ಆ ದಿನ ಅರ್ಧ ಕೆಲಸ ಉಳಿಯುತ್ತದೆ.